ಗ್ಯಾಲಕ್ಸಿಯ ಸುತ್ತಣ ಬಿಸಿ ಅನಿಲ

ಕುಲುಮೆಯ ಕಬ್ಬಿಣವು ಮೊದಲು ಕೆಂಪಗೆ, ಕಾದಂತೆಲ್ಲ ಬೆಳ್ಳಗೆ ಹೊಳೆಯುವುದನ್ನು ಕಂಡಿದ್ದೇವೆ. ಉಷ್ಣತೆ ದಶಲಕ್ಷಗಟ್ಟಲೆ ಡಿಗ್ರಿಗೇರಿದರೆ ಹೊಮ್ಮುವುದು ಕ್ಷ-ಕಿರಣ. ಭಾರೀ ಗ್ಯಾಲಕ್ಸಿಯ ಗುರುತ್ವಕ್ಕೆ ಸಿಕ್ಕಿ ಒಳಬೀಳುವ ಅನಿಲವು ಅಷ್ಟು ಕಾಯುತ್ತದೆ.

ಯುಜಿಸಿ 12591 ಎಂಬ ಗ್ಯಾಲಕ್ಸಿಯ ತಟ್ಟೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರು ವೇಗದಲ್ಲಿ ತಿರುಗುತ್ತದೆ. ನಮ್ಮ ಆಕಾಶಗಂಗೆಯ ಇಮ್ಮಡಿಗೂ ಮಿಗಿಲು. ಅದು ಚೆದರದಿರಲು ಅಪಾರ ದ್ರವ್ಯ ಬೇಕು. ಅದರ ಸುಮಾರು ಆರನೆಯ ಒಂದು ಪಾಲು ಪರಮಾಣುಗಳಿಂದಾದ ಸಾಮಾನ್ಯ ದ್ರವ್ಯವಾಗಿರಬೇಕು. ನಕ್ಷತ್ರಗಳಲ್ಲಿ ಅಷ್ಟಿಲ್ಲ. ಉಳಿದದ್ದು ಸುತ್ತಣ ಬಿಸಿ ಅನಿಲದಲ್ಲಿದೆಯೆ? ವಾಯುಮಂಡಲವು ಕ್ಷ-ಕಿರಣಗಳನ್ನು ನುಂಗುವುದರಿಂದ ಕೃತಕ ಉಪಗ್ರಹವೇ ನೋಡಬೇಕು. ಎಕ್ಸ್‌ಎಂಎಂ-ನ್ಯೂಟನ್ ನೋಡಿತು. ಅನಿಲ ಸಿಕ್ಕಿತು; ಆದರೆ 2012ರ ಎಣಿಕೆಯಂತೆ ಎಲ್ಲ ಕೂಡಿದರೂ ಶೇಕಡ 3–4 ಮಾತ್ರ. ಪರೀಕ್ಷೆಯಲ್ಲಾದರೆ ಇಂಥ ಲೆಕ್ಕಕ್ಕೆ ನಾವು ಅಂಕ ಕೊಡುತ್ತಿರಲಿಲ್ಲ!

2022ರಲ್ಲಿ ನಮ್ಮ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಸಂಗಡಿಗರೂ ಹಬಲ್ ದೂರದರ್ಶಕದ ಚಿತ್ರಗಳಿಂದ ಅದರ ನಕ್ಷತ್ರರಾಶಿಯನ್ನು ಮತ್ತೆ ತೂಗಿದರು. ಬಹುಪಾಲು ಆಗಲೂ ಕಾಣೆ.