ಮುಪ್ಪಿನ ಆರೈಕೆ ಮತ್ತು ತೊಟ್ಟಿಯ ಲೆಕ್ಕ

ನಲ್ಲಿಯಿಂದ ತೊಟ್ಟಿಗೆ ನೀರು ಬೀಳುತ್ತಿದೆ; ಅಡಿಯ ತೂಬಿನಿಂದ ಹೊರಕ್ಕೆ ಹರಿಯುತ್ತಲೂ ಇದೆ. ಹಾಗಾದರೆ ತೊಟ್ಟಿಯಲ್ಲಿ ನಿಲ್ಲುವ ನೀರೆಷ್ಟು? ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರಾರೂ ಈ ಲೆಕ್ಕದಿಂದ ತಪ್ಪಿಸಿಕೊಂಡಿರಲಾರರು. ಇದೇ ಲೆಕ್ಕವು ಒಂದು ದೇಶದ ವೃದ್ಧರ ಮತ್ತು ಅಂಗವಿಕಲರ ಬಾಳುವೆಗೆ ಸಂಬಂಧಿಸಿದುದೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು. ಆದರೆ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲುಗಳು ಇಂದು ಬಿಡಿಸಲು ಹೆಣಗುತ್ತಿರುವುದು ಈ ಲೆಕ್ಕವನ್ನೇ.

ಒಂದೇ ದಿನ ಹುಟ್ಟಿದ ಎರಡು ವ್ಯವಸ್ಥೆಗಳು

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಯಿತು. ಅದೇ ದಿನ ರಾಷ್ಟ್ರೀಯ ನೆರವಿನ ಕಾಯಿದೆಯೂ ಜಾರಿಗೆ ಬಂದಿತು. ಮೊದಲನೆಯದರಿಂದ ಚಿಕಿತ್ಸೆಯು ಎಲ್ಲರಿಗೂ ಉಚಿತವಾಯಿತು. ಎರಡನೆಯದು ಅಶಕ್ತರ ಆರೈಕೆಯನ್ನು ಕೌನ್ಸಿಲುಗಳಿಗೆ ಒಪ್ಪಿಸಿತು. ಮುದುಕಿಯೊಬ್ಬಳು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳೆನ್ನೋಣ. ಮೂಳೆ ಕೂಡಿಸುವುದು ಆಸ್ಪತ್ರೆಯ ಕೆಲಸ. ಅದಕ್ಕೆ ಹಣ ತೆರಬೇಕಾದುದಿಲ್ಲ. ಮನೆಗೆ ಮರಳಿದ ಮೇಲೆ ದೀರ್ಘಕಾಲ ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು ನೆರವು ಬೇಕಾದರೆ ಅದು ಕೌನ್ಸಿಲಿನ ಕೆಲಸ. ಅದಕ್ಕೆ ಆಸ್ತಿಯ ಪರಿಶೀಲನೆಯುಂಟು. 23,250 ಪೌಂಡುಗಳಿಗೆ ಮೀರಿದ ಸ್ವತ್ತುಳ್ಳವರು ವೆಚ್ಚವನ್ನು ತಾವೇ ಭರಿಸಬೇಕು. 2010ರಲ್ಲಿ ನಿಗದಿಯಾದ ಈ ಮಿತಿಯು ಹದಿನೈದು ವರ್ಷ ಕಳೆದರೂ ಏರಲಿಲ್ಲ. ಒಬ್ಬ ವ್ಯಕ್ತಿಯು ಜೀವಮಾನದಲ್ಲಿ ತೆರಬೇಕಾದ ಆರೈಕೆಯ ವೆಚ್ಚಕ್ಕೆ 86,000 ಪೌಂಡುಗಳ ಮೇಲ್ಮಿತಿ ಹಾಕುವ ಯೋಜನೆಯನ್ನು ಸರ್ಕಾರವು 2024ರ ಜುಲೈಯಲ್ಲಿ ಕೈಬಿಟ್ಟಿತು.

2010ರ ತರುವಾಯದ ದಶಕದಲ್ಲಿ ಕೇಂದ್ರ ಸರ್ಕಾರವು ಕೌನ್ಸಿಲುಗಳ ಅನುದಾನವನ್ನು ಬಹಳ ಕಡಿತಗೊಳಿಸಿತು. ಇತ್ತ ವೃದ್ಧರ ಸಂಖ್ಯೆ ಬೆಳೆಯುತ್ತ ಹೋಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಜನರಲ್ಲಿ 65 ವರ್ಷ ದಾಟಿದವರು 2011ರಲ್ಲಿ ಶೇಕಡ 16.4ರಷ್ಟಿದ್ದರು, 2021ರಲ್ಲಿ ಶೇಕಡ 18.6ರಷ್ಟಾದರು. ಕೌನ್ಸಿಲುಗಳಾದರೋ ಪ್ರತಿವರ್ಷವೂ ಆಯವ್ಯಯವನ್ನು ಸರಿದೂಗಿಸಲೇಬೇಕೆಂದು ಕಾಯಿದೆಯೇ ವಿಧಿಸಿದೆ; ದಿನನಿತ್ಯದ ವೆಚ್ಚಕ್ಕೆ ಸಾಲ ತರುವಂತಿಲ್ಲ. 2018ರಲ್ಲಿ ನಾರ್ಥಾಂಪ್ಟನ್‌ಷೈರ್ ಕೌಂಟಿ ಕೌನ್ಸಿಲು ಲೆಕ್ಕ ಸರಿದೂಗಿಸಲಾರೆನೆಂದು ಪ್ರಕಟಿಸಿತು. 2021ರಲ್ಲಿ ಅದನ್ನು ವಿಸರ್ಜಿಸಿ ಅದರ ಸ್ಥಾನದಲ್ಲಿ ಎರಡು ಹೊಸ ಕೌನ್ಸಿಲುಗಳನ್ನು ಸ್ಥಾಪಿಸಬೇಕಾಯಿತು.

ಲಿಟ್ಲ್ ಅವರ ನಿಯಮ

ಈಗ ತೊಟ್ಟಿಯ ಲೆಕ್ಕಕ್ಕೆ ಬರೋಣ. 1961ರಲ್ಲಿ ಅಮೆರಿಕದ ಜಾನ್ ಲಿಟ್ಲ್ ಎಂಬವರು ಸರಳವಾದ ಒಂದು ನಿಯಮಕ್ಕೆ ಸಾಧನೆಯನ್ನು ಪ್ರಕಟಿಸಿದರು. ಯಾವುದೇ ಸ್ಥಿರವಾದ ವ್ಯವಸ್ಥೆಯಲ್ಲಿ, ಒಳಗಿರುವವರ ಸರಾಸರಿ ಸಂಖ್ಯೆಯು ಒಳಬರುವವರ ದರವನ್ನು ಒಬ್ಬೊಬ್ಬರೂ ಒಳಗಿರುವ ಸರಾಸರಿ ಅವಧಿಯಿಂದ ಗುಣಿಸಿದಾಗ ಬರುವಷ್ಟೇ ಇರುತ್ತದೆ. ಅಂಚೆ ಕಚೇರಿಯ ಸಾಲಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಇದು ಸಮನಾಗಿ ಅನ್ವಯಿಸುತ್ತದೆ.

ಒಂದು ಕಾಲ್ಪನಿಕ ಊರನ್ನು ತೆಗೆದುಕೊಳ್ಳೋಣ. ಅಲ್ಲಿ ವಾರಕ್ಕೆ 20 ಮಂದಿ ಹೊಸದಾಗಿ ಆರೈಕೆ ಪಡೆಯತೊಡಗುತ್ತಾರೆ. ಪ್ರತಿಯೊಬ್ಬರಿಗೂ 100 ವಾರಗಳ ಕಾಲ ನೆರವು ಬೇಕಾಗುತ್ತದೆ. ಆಗ ಪಟ್ಟಿಯಲ್ಲಿ ಯಾವಾಗಲೂ 2,000 ಮಂದಿ ಇರುತ್ತಾರೆ. ಹಣ ಸಾಲದು, ಏನು ಮಾಡಬೇಕು?

ಮೊದಲನೆಯ ಉಪಾಯ: ನಲ್ಲಿಯನ್ನು ತಿರುಗಿಸುವುದು. ಅರ್ಹತೆಯ ಮಟ್ಟವನ್ನು ಬಿಗಿಗೊಳಿಸಿ ಇಪ್ಪತ್ತರಲ್ಲಿ ಐವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿದರೆ ಪಟ್ಟಿ 1,500ಕ್ಕೆ ಇಳಿಯುತ್ತದೆ. ಇಂಗ್ಲೆಂಡಿನ ಅನೇಕ ಕೌನ್ಸಿಲುಗಳು ಹೀಗೆಯೇ ಮಾಡಿದವು. 2014ರ ಆರೈಕೆ ಕಾಯಿದೆಯು ಮರುವರ್ಷದ ಏಪ್ರಿಲಿನಲ್ಲಿ ಜಾರಿಗೆ ಬಂದು, ದೇಶಕ್ಕೆಲ್ಲ ಒಂದೇ ಅರ್ಹತೆಯ ಮಟ್ಟವನ್ನು ವಿಧಿಸಿತು. ನಲ್ಲಿಯ ಹಿಡಿ ಕೈತಪ್ಪಿದಾಗ ಉಳಿಯುವ ದಾರಿ ನಿಮಿಷಗಳನ್ನು ಕತ್ತರಿಸುವುದು. ಹದಿನೈದು ನಿಮಿಷದೊಳಗೆ ಎಬ್ಬಿಸಿ, ತೊಳೆದು, ಉಣಿಸಿ ಹೊರಡುವ ಭೇಟಿಗಳು ಕುಪ್ರಸಿದ್ಧವಾದವು. ವಿಶೇಷ ಸಂದರ್ಭಗಳನ್ನುಳಿದು ಮನೆಯ ಭೇಟಿಯು ಅರ್ಧ ಗಂಟೆಗೆ ಕಡಿಮೆಯಿರಬಾರದೆಂದು ರಾಷ್ಟ್ರೀಯ ಮಾರ್ಗದರ್ಶಕ ಸಂಸ್ಥೆಯು 2015ರಲ್ಲಿ ಸೂಚಿಸಿತು.

ಎರಡನೆಯ ಉಪಾಯ: ತೂಬನ್ನು ಹಿಗ್ಗಿಸುವುದು. ಆಸ್ಪತ್ರೆಯಿಂದ ಮರಳಿದ ಮುದುಕಿಗೆ ಚಹಾ ಮಾಡಿಕೊಡುವ ಬದಲು, ಅವಳೇ ಮತ್ತೆ ಚಹಾ ಮಾಡಿಕೊಳ್ಳುವಂತೆ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸುವುದು. ಸ್ನಾನದ ಮನೆಗೆ ಹಿಡಿಕಂಬಿ ಹಾಕಿಸುವುದು. ಮೆಟ್ಟಿಲು ಹತ್ತುವ ಧೈರ್ಯವನ್ನು ಮರಳಿಸುವುದು. ಇಂಥ ಆರೈಕೆಯನ್ನು ಇಂಗ್ಲೆಂಡಿನಲ್ಲಿ ಆರು ವಾರಗಳವರೆಗೆ ಉಚಿತವಾಗಿ ಕೊಡುತ್ತಾರೆ. ನಮ್ಮ ಊರಿನ ಇಪ್ಪತ್ತು ಮಂದಿಯಲ್ಲಿ ಐವರು ಇದರಿಂದ ಆರು ವಾರಗಳಲ್ಲಿ ಸ್ವತಂತ್ರರಾದರೆಂದು ಭಾವಿಸೋಣ. ಉಳಿದ ಹದಿನೈದು ಮಂದಿಗೆ ಹಿಂದಿನಂತೆ 100 ವಾರ. ಸರಾಸರಿ ಅವಧಿ 76.5 ವಾರಗಳಾಗುತ್ತದೆ, ಪಟ್ಟಿಯಲ್ಲಿ ಉಳಿಯುವವರು 1,530.

ಒಂದೆಡೆ 1,500, ಇನ್ನೊಂದೆಡೆ 1,530! ಲೆಕ್ಕದ ಪುಸ್ತಕದಲ್ಲಿ ಎರಡೂ ಬಹುಮಟ್ಟಿಗೆ ಒಂದೇ. ಆದರೆ ಒಂದರಲ್ಲಿ ಐವರು ತಮ್ಮ ಕಾಲ ಮೇಲೆ ತಾವು ನಿಂತಿದ್ದಾರೆ. ಇನ್ನೊಂದರಲ್ಲಿ ಐವರ ಹೆಸರು ಪಟ್ಟಿಗೆ ಏರಲೇ ಇಲ್ಲ. ಹೆಸರು ಏರದಿದ್ದರೆ ಹೊರೆ ಮಾಯವಾದೀತೆ? ಅದು ಮಗಳ ಹೆಗಲಿಗೋ, ಮುದುಕ ಗಂಡನ ಹೆಗಲಿಗೋ, ಕೊನೆಗೆ ಆಸ್ಪತ್ರೆಯ ಹಾಸಿಗೆಗೋ ವರ್ಗವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಂಬಳವಿಲ್ಲದೆ ಪರರ ಆರೈಕೆ ಮಾಡುತ್ತಿರುವವರು ಸುಮಾರು 50 ಲಕ್ಷವೆಂದು 2021ರ ಜನಗಣತಿಯು ತೋರಿಸಿತು.

ಇಳಿಯುವ ಮೊದಲು ಏರುವ ರೇಖೆ

ಹಾಗಿದ್ದರೆ ಎಲ್ಲರೂ ಎರಡನೆಯ ಉಪಾಯವನ್ನೇ ಏಕೆ ಹಿಡಿಯಬಾರದು? ಇಲ್ಲಿಯೇ ತೊಡಕಿರುವುದು. ಅಭ್ಯಾಸ ಮಾಡಿಸುವ ಆರು ವಾರಗಳಲ್ಲಿ ದುಡಿಮೆ ಇಮ್ಮಡಿ ಬೇಕೆನ್ನೋಣ. ಯಾವ ವೇಳೆಯಲ್ಲಿ ನೋಡಿದರೂ ಈ ಹಂತದಲ್ಲಿ 120 ಮಂದಿ ಇರುತ್ತಾರೆ. ಅಂದರೆ 120 ಪಾಲಿನ ಹೆಚ್ಚುವರಿ ಹೊರೆ. ಮೊದಲ ಆರು ವಾರಗಳಲ್ಲಿ ಒಟ್ಟು ಹೊರೆಯು 2,000ದಿಂದ 2,120ಕ್ಕೆ ಏರುತ್ತದೆ. ಅನಂತರ ವಾರಕ್ಕೆ ಐದರಂತೆ ಇಳಿದು, ಮೂವತ್ತನೆಯ ವಾರದಲ್ಲಿ ಮೊದಲಿದ್ದ ಮಟ್ಟಕ್ಕೆ ಬರುತ್ತದೆ. ನೂರನೆಯ ವಾರಕ್ಕೆ 1,650ರಲ್ಲಿ ನೆಲೆಗೊಳ್ಳುತ್ತದೆ. ಉಳಿತಾಯವು ನಿಜವೇ, ಆದರೆ ಅದರ ಬಹುಪಾಲು ಬರುವುದು ಎರಡನೆಯ ವರ್ಷದಲ್ಲಿ. ವರ್ಷಕ್ಕೊಮ್ಮೆ ಲೆಕ್ಕ ಸರಿದೂಗಿಸಬೇಕಾದ ಬಡ ಕೌನ್ಸಿಲಿಗೆ ಮೊದಲಿನ ಈ ಏರನ್ನು ಹತ್ತುವುದೇ ಕಷ್ಟ. ಹಣ ತೀರಾ ಬತ್ತುವವರೆಗೆ ಕಾದವರಿಗೆ ಕತ್ತರಿಯೊಂದೇ ಗತಿ.

ಮ್ಯಾಂಚೆಸ್ಟರಿಗೆ ಸಮೀಪದ ವಿಗನ್ ಕೌನ್ಸಿಲು ಬೇಗನೆ ಹೊರಟಿತು. ಅನುದಾನ ಕಡಿತವಾಗುತ್ತಿದ್ದ ವರ್ಷಗಳಲ್ಲಿಯೇ ಅದು ಊರಿನ ಜನರೊಡನೆ ಒಂದು ಬಗೆಯ ಒಪ್ಪಂದ ಮಾಡಿಕೊಂಡಿತು; ನಿಮ್ಮಿಂದ ಏನು ಆಗದು ಎನ್ನುವುದಕ್ಕೆ ಮೊದಲು ಏನು ಆಗುತ್ತದೆ, ಏನು ಇಷ್ಟ ಎಂದು ಕೇಳುವಂತೆ ನೌಕರರನ್ನು ತರಬೇತುಗೊಳಿಸಿತು; ಊರಿನ ಸಂಘಗಳಿಗೆ ಹಣ ಕೊಟ್ಟಿತು. ಕಿಂಗ್ಸ್ ಫಂಡ್ ಸಂಸ್ಥೆಯು 2019ರ ತನ್ನ ಅಧ್ಯಯನದಲ್ಲಿ ಈ ಪ್ರಯತ್ನವನ್ನು ಮೆಚ್ಚಿತು. ಇಂಥ ಮಾರ್ಪಾಟಿಗೆ ಹಲವು ವರ್ಷಗಳ ಎಡೆಬಿಡದ ಸಾಧನೆ ಬೇಕೆಂಬುದೂ ಅದರಿಂದ ತಿಳಿಯಿತು.

ಈ ಉಪಾಯಕ್ಕೂ ಎಲ್ಲೆಯುಂಟು. ನೆನಪಿನ ಶಕ್ತಿಯನ್ನೇ ಕಳೆದುಕೊಳ್ಳುತ್ತಿರುವವರನ್ನು ಆರು ವಾರಗಳಲ್ಲಿ ಸ್ವತಂತ್ರರನ್ನಾಗಿಸುವುದು ಸಾಧ್ಯವಿಲ್ಲ. ಅವರಿಗೆ ಬೇಕಾದುದು ದೀರ್ಘಕಾಲದ, ಅವಸರವಿಲ್ಲದ ಆರೈಕೆ. ಐವರ ಚೇತರಿಕೆಯಿಂದ ಉಳಿದ ಹೊತ್ತು ಈ ಹದಿನೈದು ಮಂದಿಗೆ ಸಲ್ಲಬೇಕು. ಇಲ್ಲವಾದರೆ ಎರಡನೆಯ ಉಪಾಯವೂ ಮೊದಲನೆಯದರ ಮರುರೂಪವೇ ಸರಿ.

ಗಣಿತವು ತೊಟ್ಟಿಯ ಮಟ್ಟವನ್ನು ಹೇಳುತ್ತದೆ. ನೀರು ಎಲ್ಲಿಗೆ ಹರಿಯಿತೆಂಬುದನ್ನು ಹೇಳುವುದಿಲ್ಲ. ಅದನ್ನು ನಾವೇ ಹೋಗಿ ನೋಡಬೇಕು. ಪಟ್ಟಿ ಚಿಕ್ಕದಾಯಿತೆಂದು ಯಾವ ಆಡಳಿತವಾದರೂ ಹೆಮ್ಮೆಪಟ್ಟಾಗ, ಪಟ್ಟಿಯಲ್ಲಿಲ್ಲದವರು ಈಗ ಹೇಗಿದ್ದಾರೆಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿತರೆ, ಶಾಲೆಯ ತೊಟ್ಟಿಯ ಲೆಕ್ಕವು ಸಾರ್ಥಕವಾದಂತೆ.