ನಿಂತ ವಾಹನ, ಕಾಯದ ಸರಕು: ಬ್ಯಾಟರಿ ಇಳಿದಾಗ ಅನುಸರಿಸಬೇಕಾದ ಸುರಕ್ಷಿತ ಕ್ರಮ

ಬೆಳಗಿನ ಜಾವ ನಾಲ್ಕು ಗಂಟೆ. ಮಂಡಿಯ ಮುಂದೆ ಸರಕು ತುಂಬಿದ ಸಣ್ಣ ಗೂಡ್ಸ್ ವಾಹನ ಹೊರಡಲು ಸಿದ್ಧವಾಗಿದೆ. ಚಾಲಕನು ಕೀಲಿ ತಿರುಗಿಸಿದರೆ ‘ಟಕ್ ಟಕ್’ ಎಂಬ ಸದ್ದಲ್ಲದೆ ಬೇರೇನೂ ಇಲ್ಲ. ರಾತ್ರಿ ಸರಕು ತುಂಬುವಾಗ ದೀಪ ಆರಿಸುವುದನ್ನು ಎಲ್ಲರೂ ಮರೆತಿದ್ದಾರೆ. ‘ತಳ್ಳಿ’ ಎಂದು ಒಬ್ಬರು, ‘ಪಕ್ಕದ ಗಾಡಿಯಿಂದ ವೈರ್ ಕೊಡಿ’ ಎಂದು ಇನ್ನೊಬ್ಬರು ಸಲಹೆ ನೀಡುತ್ತಾರೆ. ಕೊನೆಗೆ ಅಂಗಡಿಯ ಅತಿ ಕಿರಿಯ ಹುಡುಗನೊಬ್ಬ ಮೊಬೈಲ್ ಬೆಳಕಿನಲ್ಲಿ ಬ್ಯಾಟರಿಯ ಮೇಲೆ ಬಗ್ಗುತ್ತಾನೆ.

ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇಂತಹ ಪ್ರಸಂಗ ಹೊಸದಲ್ಲ. ಆದರೆ ಆ ಆತುರದ ಹತ್ತು ನಿಮಿಷಗಳಲ್ಲಿ ಪಣಕ್ಕೊಡ್ಡುವುದು ಏನನ್ನು ಎಂಬ ಲೆಕ್ಕವನ್ನು ಹೆಚ್ಚಿನವರು ಹಾಕಿರುವುದಿಲ್ಲ.

ಅಪಾಯ ಇರುವುದೆಲ್ಲಿ?

1859ರಲ್ಲಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ ರೂಪಿಸಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ಮೂಲತತ್ತ್ವವೇ ಇಂದಿಗೂ ಬಹುಪಾಲು ವಾಹನಗಳಲ್ಲಿ ಬಳಕೆಯಲ್ಲಿದೆ. 12 ವೋಲ್ಟ್ ವಿದ್ಯುತ್ತು ಸಾಮಾನ್ಯವಾಗಿ ಮನುಷ್ಯನಿಗೆ ಶಾಕ್ ಹೊಡೆಯುವಷ್ಟು ಪ್ರಬಲವಲ್ಲ. ಅಪಾಯವಿರುವುದು ಬೇರೆ ಮೂರು ಸಂಗತಿಗಳಲ್ಲಿ.

ಮೊದಲನೆಯದು ಅನಿಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 4ಕ್ಕೆ ಏರಿದರೆ ಒಂದು ಕಿಡಿಯಿಂದಲೇ ಹೊತ್ತಿಕೊಳ್ಳಬಲ್ಲದು. ಎರಡನೆಯದು ಆಮ್ಲ. ಬ್ಯಾಟರಿ ಸಿಡಿದರೆ ಗಂಧಕಾಮ್ಲವು ನೇರವಾಗಿ ಮುಖಕ್ಕೆ, ಕಣ್ಣಿಗೆ ಹಾರುತ್ತದೆ. ಮೂರನೆಯದು ಪ್ರವಾಹದ ಪ್ರಮಾಣ. ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಹರಿಯುತ್ತದೆ. ಕೈಯಲ್ಲಿರುವ ಉಂಗುರವೋ ಸ್ಪ್ಯಾನರೋ ಎರಡು ಧ್ರುವಗಳ ನಡುವೆ ಸಿಕ್ಕಿಕೊಂಡರೆ ಕ್ಷಣಾರ್ಧದಲ್ಲಿ ಕಾದು ಕೆಂಪಾಗುತ್ತದೆ.

ಮೊದಲು ಪರೀಕ್ಷೆ

ವಾಹನ ಚಾಲೂ ಆಗದಿದ್ದ ಮಾತ್ರಕ್ಕೆ ಬ್ಯಾಟರಿಯೇ ಕಾರಣವೆಂದು ತೀರ್ಮಾನಿಸಲಾಗದು. ಟರ್ಮಿನಲ್ ಸಡಿಲವಾಗಿರಬಹುದು, ಅದರ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿರಬಹುದು. ಹೆಡ್‌ಲೈಟ್ ಪ್ರಖರವಾಗಿ ಉರಿಯುತ್ತಿದ್ದೂ ಸೆಲ್ಫ್ ತಿರುಗದಿದ್ದರೆ ದೋಷವು ಸ್ಟಾರ್ಟರ್ ಮೋಟಾರಿನಲ್ಲಿ ಇರುವ ಸಾಧ್ಯತೆಯುಂಟು. ಮಲ್ಟಿಮೀಟರ್ ಇದ್ದಲ್ಲಿ ಸಂಶಯ ಬೇಗ ಪರಿಹಾರವಾಗುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದಾಗಿದೆ ಎಂದರ್ಥ.

ಬ್ಯಾಟರಿಯ ಡಬ್ಬಿ ಬಿರುಕು ಬಿಟ್ಟಿದ್ದರೆ, ಉಬ್ಬಿದ್ದರೆ ಅಥವಾ ಆಮ್ಲ ಸೋರುತ್ತಿದ್ದರೆ ಕೇಬಲ್ ಜೋಡಿಸುವ ಪ್ರಯತ್ನವನ್ನೇ ಮಾಡತಕ್ಕದ್ದಲ್ಲ. ಎರಡೂ ವಾಹನಗಳ ವೋಲ್ಟೇಜ್ ಒಂದೇ ಆಗಿರಬೇಕು. ಸಣ್ಣ ಗೂಡ್ಸ್ ವಾಹನಗಳು, ಕಾರುಗಳು ಸಾಮಾನ್ಯವಾಗಿ 12 ವೋಲ್ಟಿನವು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ. ಲಾರಿಯಿಂದ ಕಾರಿಗೆ 24 ವೋಲ್ಟ್ ಕೊಟ್ಟರೆ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗುವುದಲ್ಲದೆ ಬ್ಯಾಟರಿಯೂ ಸಿಡಿಯಬಹುದು. ವಿದ್ಯುತ್ ಚಾಲಿತ ಅಥವಾ ಹೈಬ್ರಿಡ್ ವಾಹನವಾದಲ್ಲಿ ಅದರ ಕೈಪಿಡಿಯ ಸೂಚನೆಯೇ ಅಂತಿಮ.

ನಾಲ್ಕು ಕ್ಲಿಪ್ಪುಗಳ ಕ್ರಮ

ಎರಡೂ ವಾಹನಗಳು ಒಂದನ್ನೊಂದು ಮುಟ್ಟದಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿರಿಸಿ, ಎಂಜಿನ್, ದೀಪ, ರೇಡಿಯೋಗಳನ್ನು ಆರಿಸಬೇಕು. ಸುತ್ತಮುತ್ತ ಬೀಡಿ, ಸಿಗರೇಟು, ಬೆಂಕಿಕಡ್ಡಿ ಸಲ್ಲದು. ಉಂಗುರ, ಕೈಗಡಿಯಾರ ತೆಗೆದಿಟ್ಟು, ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ರಬ್ಬರ್ ಗವಸು ಧರಿಸಬೇಕು. ಅನಂತರ:

1. ಕೆಂಪು ಕೇಬಲಿನ ಒಂದು ತುದಿಯನ್ನು ಇಳಿದ ಬ್ಯಾಟರಿಯ ಪ್ಲಸ್ ಧ್ರುವಕ್ಕೆ ಜೋಡಿಸುವುದು.

2. ಕೆಂಪು ಕೇಬಲಿನ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪ್ಲಸ್ ಧ್ರುವಕ್ಕೆ ಜೋಡಿಸುವುದು.

3. ಕಪ್ಪು ಕೇಬಲಿನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್ ಧ್ರುವಕ್ಕೆ ಜೋಡಿಸುವುದು.

4. ಕಪ್ಪು ಕೇಬಲಿನ ಉಳಿದ ತುದಿಯನ್ನು ನಿಂತ ವಾಹನದ ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ, ಬ್ಯಾಟರಿಯಿಂದಲೂ ತಿರುಗುವ ಬೆಲ್ಟಿನಿಂದಲೂ ಇಂಧನದ ಪೈಪಿನಿಂದಲೂ ದೂರದಲ್ಲಿ ಜೋಡಿಸುವುದು.

ಈ ನಾಲ್ಕನೆಯ ಹೆಜ್ಜೆಯಲ್ಲೇ ಹೆಚ್ಚಿನವರು ತಪ್ಪುವುದು. ಕೊನೆಯ ಕ್ಲಿಪ್ ತಾಗುವಾಗ ಸರ್ಕ್ಯೂಟ್ ಪೂರ್ಣಗೊಂಡು ಕಿಡಿ ಹಾರುವುದು ಸಹಜ. ಆ ಕಿಡಿಯು ಅನಿಲ ಸೇರಿರುವ ಬ್ಯಾಟರಿಯ ಮೇಲೆಯೇ ಹಾರದಿರಲೆಂಬುದೇ ಈ ನಿಯಮದ ಉದ್ದೇಶ.

ಬಳಿಕ ಒಳ್ಳೆಯ ವಾಹನವನ್ನು ಚಾಲೂ ಮಾಡಿ ನಾಲ್ಕೈದು ನಿಮಿಷ ಬಿಟ್ಟು, ನಿಂತ ವಾಹನದ ಸೆಲ್ಫ್ ಒತ್ತಬೇಕು. ಒಂದು ಬಾರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತದೆ, ಪ್ರಯತ್ನಗಳ ನಡುವೆ ಒಂದು ನಿಮಿಷ ವಿರಾಮ ಕೊಡುವುದು ಲೇಸು. ಮೂರು ನಾಲ್ಕು ಪ್ರಯತ್ನಗಳಲ್ಲಿ ಫಲ ಕಾಣದಿದ್ದರೆ ಮೆಕ್ಯಾನಿಕ್‌ನನ್ನು ಕರೆಸುವುದೇ ಮಿತವ್ಯಯ. ಚಾಲೂ ಆದ ಮೇಲೆ ಜೋಡಿಸಿದ ಕ್ರಮಕ್ಕೆ ವಿರುದ್ಧವಾಗಿ, ಕೊನೆಯ ಕಪ್ಪು ಕ್ಲಿಪ್ಪಿನಿಂದ ಆರಂಭಿಸಿ ಬಿಚ್ಚಬೇಕು.

ಕೇಬಲಿನ ವಿಷಯದಲ್ಲಿ ಜಿಪುಣತನ ಸಲ್ಲದು. ಸಣ್ಣ ಪೆಟ್ರೋಲ್ ಕಾರಿಗೆ 16 ಚದರ ಮಿಲಿಮೀಟರ್, ಸಣ್ಣ ಡೀಸೆಲ್ ವಾಹನಕ್ಕೆ 25 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಇರಬೇಕು. ಮನೆಗೆ ಬಳಸುವ ವೈರನ್ನು ತಿರುಚಿ ಕಟ್ಟುವುದು ಬೆಂಕಿಗೆ ಆಹ್ವಾನವಿತ್ತಂತೆ. ಆಮ್ಲವು ಕಣ್ಣಿಗೆ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ತಳ್ಳಿ ಚಾಲೂ ಮಾಡುವುದು

ಆಟೋಮ್ಯಾಟಿಕ್ ಗೇರಿನ ವಾಹನಗಳು ತಳ್ಳಿದರೆ ಚಾಲೂ ಆಗುವುದಿಲ್ಲ. ಈಚಿನ ವಾಹನಗಳಲ್ಲಿ ಇಂಧನ ಪೂರೈಸುವ ಎಲೆಕ್ಟ್ರಾನಿಕ್ ವ್ಯವಸ್ಥೆಗೂ ವಿದ್ಯುತ್ ಬೇಕಾದ ಕಾರಣ, ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ತಳ್ಳಿಯೂ ಪ್ರಯೋಜನವಿಲ್ಲ. ಇದಕ್ಕಿಂತ ಮುಖ್ಯವಾಗಿ, ಎಂಜಿನ್ ನಿಂತಿರುವಾಗ ಪವರ್ ಬ್ರೇಕ್ ಮತ್ತು ಪವರ್ ಸ್ಟೀರಿಂಗಿನ ನೆರವು ದೊರೆಯದು. ಸರಕು ತುಂಬಿದ ವಾಹನವನ್ನು ಇಳಿಜಾರಿನಲ್ಲಿ ತಳ್ಳುವುದು ತಳ್ಳುವವರಿಗೂ ಎದುರಿಗಿರುವವರಿಗೂ ಕಂಟಕಪ್ರಾಯ.

ಚಾಲೂ ಆದ ನಂತರ

ವಾಹನ ಹೊರಟಿತೆಂದು ಸಮಸ್ಯೆ ಮುಗಿಯಲಿಲ್ಲ. ಪೂರ್ತಿ ಇಳಿದ ಬ್ಯಾಟರಿಯನ್ನು ಆಲ್ಟರ್ನೇಟರ್ ಒಂದೇ ಅಲ್ಪ ಓಡಾಟದಲ್ಲಿ ತುಂಬಿಸಲಾರದು. ಚಾರ್ಜರಿಗೆ ಹಾಕಿಸುವುದು ಉತ್ತಮ. ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ನಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಕಾಣದಿದ್ದರೆ ಆಲ್ಟರ್ನೇಟರನ್ನು ತೋರಿಸಬೇಕು. ಬಿಸಿಲಿನ ತಾಪವು ಬ್ಯಾಟರಿಯ ಆಯಸ್ಸನ್ನು ಕುಗ್ಗಿಸುವುದರಿಂದ ರಾಯಚೂರು, ಕಲಬುರಗಿ, ಬಳ್ಳಾರಿ ಭಾಗದ ವಾಹನ ಮಾಲೀಕರು ಬೇಸಿಗೆಗೆ ಮೊದಲೇ ಪರೀಕ್ಷಿಸಿಕೊಳ್ಳುವುದು ವಿಹಿತ. ನೀರು ತುಂಬಿಸುವ ಮಾದರಿಯಾದರೆ ಡಿಸ್ಟಿಲ್ಡ್ ವಾಟರನ್ನು ಮಾತ್ರ ಹಾಕತಕ್ಕದ್ದು.

ದಾರಿಯಲ್ಲಿ ನಿಂತ ಸರಕು ವಾಹನಕ್ಕೆ ಇನ್ನೊಂದು ಗಡುವೂ ಇದೆ. ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಸಿಂಧುತ್ವವಿದೆ. ಸರಕನ್ನು ಬೇರೆ ವಾಹನಕ್ಕೆ ವರ್ಗಾಯಿಸಿದರೆ ಭಾಗ-ಬಿಯಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ.

ಲೆಕ್ಕಪುಸ್ತಕದಲ್ಲಿ ಬ್ಯಾಟರಿ

ಪ್ರತಿ ವಾಹನದ ಬ್ಯಾಟರಿಗೂ ಒಂದು ಪುಟ ಮೀಸಲಿಟ್ಟು ಖರೀದಿಯ ದಿನಾಂಕ, ಕ್ರಮಸಂಖ್ಯೆ, ವಾರಂಟಿಯ ಅವಧಿ, ಪರೀಕ್ಷಿಸಿದ ದಿನದ ವೋಲ್ಟೇಜ್ ಬರೆದಿಟ್ಟರೆ ಬ್ಯಾಟರಿ ಕೈಕೊಡುವ ಕಾಲ ಮುಂಚಿತವಾಗಿಯೇ ತಿಳಿಯುತ್ತದೆ. ಶೇಕಡಾ 28ರಷ್ಟಿದ್ದ ಸೀಸದ ಬ್ಯಾಟರಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ವ್ಯವಹಾರಕ್ಕೆ ಬಳಸುವ ಸರಕು ಸಾಗಣೆ ವಾಹನದ ಬ್ಯಾಟರಿಯಾದರೆ, ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಬಹುದು. ಬಿಲ್ ಕೇಳಿ ಪಡೆಯಬೇಕಷ್ಟೆ. ಹಳೆಯ ಬ್ಯಾಟರಿಯನ್ನು ಬೀದಿ ಗುಜರಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಮರುಬಳಕೆಯ ಅಧಿಕೃತ ವ್ಯವಸ್ಥೆಗೇ ಒಪ್ಪಿಸಬೇಕು.

ಒಂದು ಜೊತೆ ದಪ್ಪ ಕೇಬಲ್, ಒಂದು ಕನ್ನಡಕ, ಒಂದು ಜೊತೆ ಗವಸು, ನಾಲ್ಕು ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದು ಚಾಲಕನ ಮುಂದೆ ಅಂಟಿಸಿದ ಒಂದು ಚೀಟಿ: ಇವಿಷ್ಟಕ್ಕೆ ತಗಲುವ ಖರ್ಚು ಅತ್ಯಲ್ಪ. ತಡವಾದ ಸರಕಿನ ನಷ್ಟವನ್ನು ಮುಂದಿನ ಸಂತೆಯಲ್ಲಿ ತುಂಬಿಕೊಳ್ಳಬಹುದು. ಬೆಳಗಿನ ಜಾವದಲ್ಲಿ ಬ್ಯಾಟರಿಯ ಮೇಲೆ ಬಗ್ಗಿದ ಹುಡುಗನ ಕಣ್ಣು ಹೋದರೆ ಅದನ್ನು ಯಾವ ಖಾತೆಯಿಂದಲೂ ತುಂಬಿಕೊಡಲಾಗದು.