ಕಾರಿನ ಎಂಜಿನ್ ಬೆಲ್ಟ್: ತಪಾಸಣೆ, ಬದಲಾವಣೆ ಹಾಗೂ ಬಿಗಿತದ ಹೊಂದಾಣಿಕೆ

(ಮೈಸೂರು ನಗರದ ವಾಹನ ಮಾಲೀಕರು ಹಾಗೂ ಚಾಲಕರ ಮಾಹಿತಿಗಾಗಿ)

ಪೀಠಿಕೆ

ಎಂಜಿನ್‌ನ ಕ್ರ್ಯಾಂಕ್ ಪುಲ್ಲಿಯಿಂದ ಹೊರಟು, ಹಾವಿನಂತೆ ಹಲವು ಪುಲ್ಲಿಗಳನ್ನು ಬಳಸಿ ಮರಳುವ ರಬ್ಬರ್ ಪಟ್ಟಿಗೆ ಸರ್ಪೆಂಟೈನ್ ಬೆಲ್ಟ್ ಎಂದು ಹೆಸರು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಹಾಗೂ ಅನೇಕ ಮಾದರಿಗಳಲ್ಲಿ ವಾಟರ್ ಪಂಪ್ ಮತ್ತು ಪವರ್ ಸ್ಟೀರಿಂಗ್ ಪಂಪ್ ಇದರಿಂದಲೇ ತಿರುಗುತ್ತವೆ. ಗ್ಯಾರೇಜುಗಳಲ್ಲಿ ಇದನ್ನು ಇಂದಿಗೂ ಫ್ಯಾನ್ ಬೆಲ್ಟ್ ಎನ್ನುವುದುಂಟು. ಎಂಜಿನ್‌ನ ವಾಲ್ವುಗಳಿಗೆ ಸಂಬಂಧಿಸಿದ ಟೈಮಿಂಗ್ ಬೆಲ್ಟ್ ಬೇರೆಯೇ ಆಗಿದ್ದು, ಅದನ್ನು ಮಾಲೀಕರು ಸ್ವತಃ ಬಿಚ್ಚತಕ್ಕದ್ದಲ್ಲ.

ಬೆಲ್ಟ್ ಕೀರಲು ಶಬ್ದ ಮಾಡಿದಾಗ ಅದನ್ನು ಬಿಗಿ ಮಾಡಿಸಿ ಪ್ರಯಾಣ ಮುಂದುವರಿಸುವುದು ವಾಡಿಕೆ. ಕಾರಣವನ್ನು ಪತ್ತೆ ಮಾಡದೆ ಬಿಗಿಗೊಳಿಸಿದಲ್ಲಿ ಶಬ್ದ ಮಾತ್ರ ನಿಲ್ಲುತ್ತದೆ, ದೋಷ ಉಳಿಯುತ್ತದೆ.

ಸ್ಥಳೀಯ ಮಹತ್ವ

ದಸರಾ ದಿನಗಳಲ್ಲಿ ನಗರದ ವಾಹನಗಳು ಎ.ಸಿ. ಚಾಲನೆಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ನಿಧಾನವಾಗಿ ಚಲಿಸುತ್ತವೆ. ಚಾಮುಂಡಿ ಬೆಟ್ಟದ ಏರುದಾರಿಯಲ್ಲಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಇಂತಹ ಸಂದರ್ಭದಲ್ಲಿ ವಾಟರ್ ಪಂಪ್ ನಿಂತರೆ ಕೆಲವೇ ನಿಮಿಷಗಳಲ್ಲಿ ಎಂಜಿನ್‌ಗೆ ಭಾರಿ ಹಾನಿಯಾಗಬಹುದು. ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಬಂಡೀಪುರದ ಕಡೆಗೆ ಹೋಗುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಅರಣ್ಯದೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧಿಸಲಾಗಿದೆ. ಸಂಜೆಯ ವೇಳೆ ಅಲ್ಲಿ ಕಾರು ಕೆಟ್ಟು ನಿಂತಲ್ಲಿ ಪ್ರಯಾಣಿಕರ ಜೀವಕ್ಕೇ ಅಪಾಯವುಂಟು.

ಮುನ್ಸೂಚನೆಗಳು

1. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಅಥವಾ ಎ.ಸಿ. ಹಾಕಿದಾಗ ಕೇಳಿಬರುವ ಕೀರಲು ಶಬ್ದ.
2. ಬೆಲ್ಟಿನ ಅಂಚು ಎಳೆಬಿಡುವುದು, ಏಣುಗಳು ಕಿತ್ತುಹೋಗುವುದು, ಮೈ ಹೊಳಪಾಗುವುದು.
3. ಚಾಲನೆಯಲ್ಲಿರುವಾಗ ಬ್ಯಾಟರಿ ದೀಪ ಹೊತ್ತಿಕೊಳ್ಳುವುದು. ಕೆಲವು ಕಾರುಗಳಲ್ಲಿ ಸ್ಟೀರಿಂಗ್ ಬಿಗಿಯಾಗುವುದು.

ಹಳೆಯ ಬಗೆಯ ಬೆಲ್ಟುಗಳು ಸವೆದಾಗ ಬಿರುಕು ಬಿಡುತ್ತಿದ್ದವು. ಈಗ ಬಳಕೆಯಲ್ಲಿರುವ ಇ.ಪಿ.ಡಿ.ಎಂ. ರಬ್ಬರಿನ ಬೆಲ್ಟು ಬಿರುಕು ಬಿಡದೆಯೂ ಸವೆಯುತ್ತದೆ. ಆದುದರಿಂದ ಬಿರುಕಿಲ್ಲವೆಂಬ ಕಾರಣಕ್ಕೆ ಬೆಲ್ಟು ಸುಸ್ಥಿತಿಯಲ್ಲಿದೆಯೆಂದು ಭಾವಿಸಬಾರದು. ಮಾಲೀಕರ ಕೈಪಿಡಿಯಲ್ಲಿ ಸೂಚಿಸಿರುವ ಅವಧಿಯನ್ನು ಪಾಲಿಸಬೇಕು.

ಬದಲಾಯಿಸುವ ಕ್ರಮ

1. ಎಂಜಿನ್ ಪೂರ್ಣವಾಗಿ ತಣಿದ ಮೇಲೆ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಸೀರೆಯ ಸೆರಗು, ಪಂಚೆ, ಕೊರಳ ಸರ ಪುಲ್ಲಿಗಳ ಬಳಿ ಜೋಲಾಡದಂತೆ ಎಚ್ಚರ ವಹಿಸಬೇಕು.
2. ಬೆಲ್ಟ್ ಸಾಗುವ ದಾರಿಯ ಚಿತ್ರ ಬರೆದುಕೊಳ್ಳಬೇಕು ಅಥವಾ ಛಾಯಾಚಿತ್ರ ತೆಗೆದುಕೊಳ್ಳಬೇಕು.
3. ಸ್ಪ್ಯಾನರಿನಿಂದ ಟೆನ್ಷನರ್ ತಿರುಗಿಸಿ, ಸಡಿಲಗೊಂಡ ಬೆಲ್ಟನ್ನು ಕಳಚಬೇಕು.
4. ಟೆನ್ಷನರ್ ಹಾಗೂ ಇತರ ಪುಲ್ಲಿಗಳು ಅಲುಗಾಡುತ್ತವೆಯೇ, ಎಣ್ಣೆ ಅಥವಾ ಕೂಲಂಟ್ ಸೋರಿದೆಯೇ ಎಂದು ನೋಡಬೇಕು. ದೋಷವನ್ನು ಸರಿಪಡಿಸದೆ ಹೊಸ ಬೆಲ್ಟ್ ಹಾಕಿದರೆ ಅದೂ ಬೇಗನೆ ಹಾಳಾಗುತ್ತದೆ.
5. ಹೊಸ ಬೆಲ್ಟಿನ ಅಳತೆ ಹಳೆಯದಕ್ಕೆ ಸರಿಹೊಂದಬೇಕು. ಉದಾಹರಣೆಗೆ, 6ಪಿಕೆ1750 ಎಂದರೆ 6 ಏಣುಗಳುಳ್ಳ, 1750 ಮಿ.ಮೀ. ಉದ್ದದ ಬೆಲ್ಟ್.
6. ಏಣುಗಳ ಬದಿ ಗೀರುಗಳುಳ್ಳ ಪುಲ್ಲಿಗಳ ಮೇಲೂ, ನುಣುಪು ಬದಿ ನುಣುಪಾದ ಪುಲ್ಲಿಗಳ ಮೇಲೂ ಕೂರಬೇಕು. ಟೆನ್ಷನರನ್ನು ನಿಧಾನವಾಗಿ ಬಿಟ್ಟು, ಪ್ರತಿ ಪುಲ್ಲಿಯಲ್ಲಿಯೂ ಬೆಲ್ಟ್ ಅಂಚು ಮೀರದೆ ಕುಳಿತಿದೆಯೇ ಎಂದು ಪರಿಶೀಲಿಸಬೇಕು.
7. ಬ್ಯಾಟರಿ ತಂತಿ ಜೋಡಿಸಿ, ಎಂಜಿನ್ ಚಾಲೂ ಮಾಡಿ, ದೂರದಿಂದ ಗಮನಿಸಬೇಕು.

ಬಿಗಿತದ ಹೊಂದಾಣಿಕೆ

ಸ್ಪ್ರಿಂಗ್ ಟೆನ್ಷನರ್ ಉಳ್ಳ ಕಾರುಗಳಲ್ಲಿ ಬಿಗಿತ ತಾನಾಗಿಯೇ ಹೊಂದಿಕೊಳ್ಳುತ್ತದೆ. ಅಂತಹ ಕಾರಿನಲ್ಲಿ ಬೆಲ್ಟ್ ಸಡಿಲವಾಗಿದ್ದರೆ ಸ್ಪ್ರಿಂಗ್ ಸೋತಿರಬಹುದು ಅಥವಾ ಬೆಲ್ಟ್ ಸವೆದಿರಬಹುದು. ಅಲ್ಲಿ ಬೇಕಾದುದು ಬದಲಾವಣೆಯೇ. ಆಲ್ಟರ್ನೇಟರನ್ನು ಸರಿಸಿ ಬಿಗಿಗೊಳಿಸುವ ಕಾರುಗಳಲ್ಲಿ ಅದರ ಬೋಲ್ಟುಗಳನ್ನು ಸಡಿಲಿಸಿ, ಹೊಂದಾಣಿಕೆಯ ಬೋಲ್ಟನ್ನು ತಿರುಗಿಸಬೇಕು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟ್ ಎಷ್ಟು ಬಾಗಬೇಕೆಂಬುದನ್ನು ಕೈಪಿಡಿಯಿಂದ ತಿಳಿದು, ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಬೇಕು. ಹೊಸ ಬೆಲ್ಟ್ ಸ್ವಲ್ಪ ಹಿಗ್ಗುವುದರಿಂದ, ಕೆಲ ಕಾಲ ಓಡಿಸಿದ ನಂತರ, ಎಂಜಿನ್ ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಅತಿಯಾಗಿ ಬಿಗಿ ಮಾಡಿದಲ್ಲಿ ಆಲ್ಟರ್ನೇಟರ್ ಹಾಗೂ ವಾಟರ್ ಪಂಪಿನ ಬೇರಿಂಗುಗಳು ಹಾಳಾಗುತ್ತವೆ. ಶಬ್ದ ನಿಲ್ಲಿಸಲು ಸಾಬೂನು, ಎಣ್ಣೆ ಅಥವಾ ಗ್ರೀಸ್ ಸವರಬಾರದು.

ದಾರಿಯಲ್ಲಿ ಬೆಲ್ಟ್ ತುಂಡಾದಲ್ಲಿ

ಬ್ಯಾಟರಿ ದೀಪ ಹೊತ್ತಿ, ಎಂಜಿನ್ ತಾಪ ಏರಿದ ಕೂಡಲೇ ವಾಹನವನ್ನು ರಸ್ತೆಯ ಪಕ್ಕದ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಬೇಕು. ಎಚ್ಚರಿಕೆ ದೀಪ ಹಾಕಿ, ಪ್ರತಿಫಲಕ ತ್ರಿಕೋನವನ್ನು ಹಿಂದೆ ಇಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಕೂಡದು. ಅರಣ್ಯ ಪ್ರದೇಶದಲ್ಲಾದರೆ ಕಾರಿನಿಂದ ಇಳಿಯದೆ ನೆರವು ಕೋರಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಹಾಗೂ ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದಾಗಿದೆ.

ದೂರ ಪ್ರಯಾಣಕ್ಕೆ ಮುನ್ನ ಬಾನೆಟ್ ತೆರೆದು ಬೆಲ್ಟನ್ನು ಒಮ್ಮೆ ಪರಿಶೀಲಿಸುವಂತೆ ಹಾಗೂ ಸಂಶಯವಿದ್ದಲ್ಲಿ ನುರಿತ ಮೆಕ್ಯಾನಿಕ್‌ರಿಗೆ ತೋರಿಸುವಂತೆ ವಾಹನ ಮಾಲೀಕರನ್ನು ಕೋರಲಾಗಿದೆ.